ವ್ಯಾನಕ್ಕನ ಬಲಗಾಲು

ಅವಳನ್ನು ಎಲ್ಲರೂ ಕರೆಯುವುದು ವ್ಯಾನಕ್ಕ ಎಂದು. ಬೀದಿಯ ಮಕ್ಕಳಿಂದ ಹಿಡಿದು ಆಸ್ಪತ್ರೆಯ ದೊಡ್ಡ ಡಾಕ್ಟರರವರೆಗೆ ಎಲ್ಲರ ಬಾಯಲ್ಲೂ ಅದೇ. ಗಂಡ ಕೂಡ ಒಂದೊಂದು ಸಲ ಬಾಯಿತಪ್ಪಿ "ವ್ಯಾನಕ್ಕಾ, ಟೀ ಆಯ್ತಾ?" ಅಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. "ಕಟ್ಟಿಕೊಂಡ ಹೆಂಡತೀನ ಅಕ್ಕ ಅಂತೀರಲ್ಲ, ನಿಮಗೇನು ಹೇಳಲಿ!" ಎಂದು ಅವಳು ಲೋಟವನ್ನು ಟಕ್ಕೆಂದು ಅವನ ಮುಂದೆ ಕುಕ್ಕುತ್ತಿದ್ದಳು. ಲೋಟ ಮಾತ್ರ ಯಾವತ್ತೂ ತುಂಬಿಯೇ ಇರುತ್ತಿತ್ತು.

ಅವಳು ಸ್ಟೇರಿಂಗ್ ಹಿಡಿದದ್ದು ಶೋಕಿಗಲ್ಲ. ಗಂಡ ಮನೆಗಳಿಗೆ ಬಣ್ಣ ಬಳಿಯುವವನು. ಹದಿನಾರು ವರ್ಷದ ಹಿಂದೆ ಏಣಿಯಿಂದ ಬಿದ್ದು, ಸೊಂಟ ಮುರಿದುಕೊಂಡು ಏಳು ತಿಂಗಳು ಹಾಸಿಗೆ ಹಿಡಿದ. ಅದೇ ಹೊತ್ತಿಗೆ ಪಕ್ಕದ ಬೀದಿಯ ಶಾಲೆಯವರು ಮಕ್ಕಳ ವ್ಯಾನಿಗೆ ಡ್ರೈವರ್ ಹುಡುಕುತ್ತಿದ್ದರು. "ನಾನೇ ಕಲೀತೀನಿ" ಎಂದು ಇವಳು ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡಳು. ಅಲ್ಲಿನ ಮೇಷ್ಟ್ರು ಮೂರನೇ ದಿನಕ್ಕೇ ತಲೆ ಚಚ್ಚಿಕೊಂಡರು. "ಅಮ್ಮಾ, ನಿಮ್ಮ ಕೈ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ. ಕಾಲು ಮಾತ್ರ ಒನಕೆ. ಎಕ್ಸಲೇಟರ್ ತುಳೀಬಾರದು ಕಣಮ್ಮ, ಮಾತಾಡಿಸಬೇಕು!"

ಅವಳಿಗೆ ರೋಷ ಬಂತು. ಸುಮ್ಮನೆ ಬಂದು ಹೋಗುವ ರೋಷ ಅವಳದಲ್ಲ. ಮನೆಗೆ ಬಂದವಳೇ ಗಂಡನ ಸಾಮಾನಿನ ಚೀಲದಿಂದ ಬಣ್ಣ ಬಳಿಯುವ ರೋಲರಿನ ಸ್ಪಂಜು ತೆಗೆದು, ನೀರಲ್ಲಿ ಅದ್ದಿ, ಬಲಗಾಲಿನ ಕೆಳಗಿಟ್ಟುಕೊಂಡು ಕೂತಳು. ಒಂದು ಹನಿಯೂ ಹೊರಗೆ ಬಾರದಂತೆ ಸ್ಪಂಜನ್ನು ಅಮುಕಬೇಕು, ಹಾಗೇ ಬಿಡಬೇಕು. ಹಾಸಿಗೆಯಲ್ಲಿ ಮಲಗಿದ ಗಂಡನದೇ ಮೇಲ್ವಿಚಾರಣೆ. "ಹೋಯ್ತು, ಹೋಯ್ತು, ನೆಲ ಒದ್ದೆ ಆಯ್ತು!" ಎಂದು ಅವನು ಕೂಗುವುದು, "ನೀವು ಸುಮ್ನೆ ಮಲಗ್ರೀ" ಎಂದು ಇವಳು ರೇಗುವುದು. ಹೀಗೆ ಒಂದು ತಿಂಗಳು ನಡೆಯಿತು. ಆಮೇಲೆ ಆ ಕಾಲಿನ ಗುಣವೇ ಬದಲಾಯಿತು. ಅವಳ ವ್ಯಾನಿನಲ್ಲಿ ಮಕ್ಕಳು ಶಾಲೆಗೆ ಹೋಗುತ್ತ ಹೋಗುತ್ತಲೇ ಹೋಂವರ್ಕ್ ಬರೆದು ಮುಗಿಸುತ್ತಿದ್ದವು. ಅಕ್ಷರ ಒಂದಿಷ್ಟೂ ಅಲುಗುತ್ತಿರಲಿಲ್ಲ. ತಾಯಂದಿರು ಬಂದು, "ನಿಮ್ಮಿಂದ ನಮ್ಮ ಮಕ್ಕಳು ಮನೇಲಿ ಪುಸ್ತಕಾನೇ ಮುಟ್ಟಲ್ಲ" ಎಂದು ಜಗಳ ಮಾಡಿದ್ದೂ ಉಂಟು. ಆ ಜಗಳವನ್ನು ಅವಳು ಬಹುಮಾನದ ಹಾಗೆ ಮನೆಗೆ ತಂದು ಗಂಡನಿಗೆ ಒಪ್ಪಿಸುತ್ತಿದ್ದಳು.

ಹನ್ನೊಂದು ವರ್ಷ ಮಕ್ಕಳ ವ್ಯಾನ್ ಆದ ಮೇಲೆ ಆಸ್ಪತ್ರೆಯವರು ಕರೆದರು. ಅವಳ ಊರಿಗೂ ಆಸ್ಪತ್ರೆಗೂ ಎಪ್ಪತ್ತೆರಡು ಕಿಲೋಮೀಟರ್. ಕಿಡ್ನಿ ಕೆಟ್ಟವರ ರಕ್ತ ಶುದ್ಧ ಮಾಡುವ ಡಯಾಲಿಸಿಸ್ ಮಿಷನ್ ಇದ್ದದ್ದು ಅಲ್ಲಿ ಮಾತ್ರ. ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ಬೆಳಿಗ್ಗೆ ರೋಗಿಗಳನ್ನು ಮನೆಮನೆಯಿಂದ ಹತ್ತಿಸಿಕೊಂಡು ಹೋಗಬೇಕು. ನಾಲ್ಕು ಗಂಟೆ ಮಿಷನ್ನಿನ ಪಕ್ಕ ಮಲಗಿ ಎದ್ದವರನ್ನು ಮಧ್ಯಾಹ್ನ ವಾಪಸು ತಂದು ಮನೆಮನೆಗೆ ಬಿಡಬೇಕು. ಇದು ಅವಳ ಕೆಲಸ.

ಈ ಕಥೆಯ ಕಾಲಕ್ಕೆ ಅವಳ ಪಾಲಿಗೆ ಮೂವರಿದ್ದರು. ಮುಂದಿನ ಸೀಟಿನಲ್ಲಿ ಲಾರಿಯಜ್ಜ. ನಲವತ್ತು ವರ್ಷ ಲಾರಿ ಓಡಿಸಿದವನು. ಮುಂದಿನ ಸೀಟು ತನ್ನ ಆಸ್ತಿ ಎಂಬಂತೆ ಕೂತು, ಎದುರು ಬರುವ ಪ್ರತಿಯೊಂದು ಗಾಡಿಗೂ ಒಂದೊಂದು ಬೈಗುಳ ದಯಪಾಲಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ದರ್ಜಿಯಣ್ಣ. ಹತ್ತಿದ ಕೂಡಲೇ ಬಾಯಿ ತೆರೆದು ನಿದ್ದೆ. ಮನೆ ಬಂದಾಗ ಅಲುಗಾಡಿಸಿ ಎಬ್ಬಿಸಬೇಕು. ನಡುವಿನ ಸೀಟಿನಲ್ಲಿ ಟೀಚರಮ್ಮ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಸಣ್ಣ ದೇಹ, ದೊಡ್ಡ ಕನ್ನಡಕ, ಅದಕ್ಕಿಂತ ದೊಡ್ಡ ಗಂಟಲು.

ಕಷ್ಟವೆಲ್ಲ ಟೀಚರಮ್ಮನದೇ. ಮಿಷನ್ ಮೈಯೊಳಗಿನ ಹೆಚ್ಚಿನ ನೀರನ್ನೆಲ್ಲ ಎಳೆದುಹಾಕಿದ ಮೇಲೆ ಅವರ ರಕ್ತದೊತ್ತಡ ಇಳಿದುಬಿಡುತ್ತಿತ್ತು. ತಲೆ ಸುತ್ತು, ಹೊಟ್ಟೆ ತೊಳಸು. ಆ ಸ್ಥಿತಿಯಲ್ಲಿ ಎಪ್ಪತ್ತೆರಡು ಕಿಲೋಮೀಟರ್ ವ್ಯಾನಿನಲ್ಲಿ ಕೂರಬೇಕು. ಹಳೆಯ ವ್ಯಾನೋ, ಎಕ್ಸಲೇಟರನ್ನು ಎಷ್ಟೇ ಮಾತಾಡಿಸಿದರೂ ಮುಗ್ಗರಿಸದೆ ಹೋಗುವ ಪೈಕಿ ಅಲ್ಲ. ಪ್ರತಿ ಸಲ ಅರ್ಧ ದಾರಿಯಲ್ಲಿ ವಾಂತಿ. ಊರಿಡೀ ಶಿಸ್ತಿಗೆ ಹೆಸರಾದ ಹೆಂಗಸು, ಹಳೇ ವಿದ್ಯಾರ್ಥಿಗಳು ಓಡಾಡುವ ರಸ್ತೆಯ ಪಕ್ಕದಲ್ಲಿ ಬಗ್ಗಿ ನಿಲ್ಲಬೇಕಲ್ಲ ಎಂಬ ಅವಮಾನವೇ ಅವರನ್ನು ಕಾಯಿಲೆಗಿಂತ ಹೆಚ್ಚು ತಿನ್ನುತ್ತಿತ್ತು. ಒಂದು ದಿನ ಗೇಟಿನ ಹತ್ತಿರ ಇಳಿದವರು ಮಗಳಿಗೆ, ವ್ಯಾನಕ್ಕನ ಎದುರಿಗೇ ಹೇಳಿಬಿಟ್ಟರು:

"ಸಾಕಾಯ್ತು ಕಣೇ. ನಾನಿನ್ನು ಹೋಗಲ್ಲ. ಮನೇಲೇ ಇದ್ದುಬಿಡ್ತೀನಿ."

"ಅಮ್ಮಾ, ಹೋಗದೇ ಇದ್ರೆ…"

"ಗೊತ್ತು. ಎರಡು ವಾರ, ಹೆಚ್ಚು ಅಂದ್ರೆ ಮೂರು. ಕೂಡಿಸೋದು ಕಳೆಯೋದು ನನಗೆ ಹೇಳ್ಕೊಡಬೇಡ."

ಮಗಳು ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಮೆದು ಮಾತಿನವಳು. ಮಾರನೆಯ ದಿನ ವ್ಯಾನಕ್ಕನ ಮನೆಗೇ ಬಂದು, ಬಾಗಿಲಲ್ಲೇ ನಿಂತು ಅತ್ತಳು. "ಅಕ್ಕಾ, ಹೆಂಗಾದ್ರೂ ಮಾಡಿ ಅಮ್ಮನ್ನ ಕರ್ಕೊಂಡು ಹೋಗ್ತಾ ಇರಿ. ನಿಮ್ಮ ಮಾತು ಕೇಳ್ತಾರೆ." ವ್ಯಾನಕ್ಕ ಅವಳ ಕೈ ಹಿಡಿದುಕೊಂಡು, "ಆಯ್ತು ಕಣಮ್ಮ, ನೋಡ್ಕೋತೀನಿ" ಅಂದಳು. ಅಂದ ಮೇಲೆ ಆ ಮಾತು ಅವಳ ಹೆಗಲಿಗೇರಿ ಕೂತಿತು.

ಆ ವಾರವೇ ಆಸ್ಪತ್ರೆಗೆ ಹೊಸ ವ್ಯಾನ್ ಬಂತು. ಗೇರು ತಾನೇ ಬದಲಾಯಿಸಿಕೊಳ್ಳುವಂಥದ್ದು. ಸ್ಟೇರಿಂಗಿನ ಮೇಲೆ ಸಾಲು ಬಟನ್ನುಗಳು. ವಾಹನಗಳ ಉಸ್ತುವಾರಿಯವನು ಬಂದು ಒಂದೊಂದನ್ನೂ ಒತ್ತಿ ತೋರಿಸಿದ. "ಇದು ಕ್ರೂಸ್ ಕಂಟ್ರೋಲ್ ಅಕ್ಕಾ. ಎಂಬತ್ತರಲ್ಲಿ ಹೋಗ್ತಾ ಇದನ್ನ ಒತ್ತಿದ್ರೆ ಎಂಬತ್ತಲ್ಲೇ ಹೋಗ್ತಿರತ್ತೆ. ಕಾಲು ತೆಗೀಬಹುದು. ಬ್ರೇಕ್ ಮುಟ್ಟಿದ್ರೆ ಬಿಟ್ಟುಹೋಗತ್ತೆ." ಒತ್ತಿದಾಗ ಮೀಟರಿನ ಪಕ್ಕ ಸಣ್ಣ ಹಸಿರು ದೀಪ ಹತ್ತಿತು. "ಉಳಿದದ್ದು ಪುಸ್ತಕದಲ್ಲಿದೆ" ಎಂದು ಅವನು ಹೊರಟುಹೋದ.

ವ್ಯಾನಕ್ಕ ಪುಸ್ತಕವನ್ನು ಮನೆಗೆ ತಂದು ಎರಡು ಸಲ ಓದಿದಳು. ಇದನ್ನು ಇಲ್ಲಿಯೇ ಹೇಳಿಬಿಡಬೇಕು, ಯಾಕೆಂದರೆ ಆಮೇಲೆ ನಡೆದದ್ದು ತಿಳಿಯದೆ ಆದದ್ದಲ್ಲ. ನೇರವಾದ, ಖಾಲಿಯಾದ, ಒಣಗಿದ ರಸ್ತೆಯಲ್ಲಿ ಮಾತ್ರ ಇದನ್ನು ಬಳಸಬೇಕು. ಊರೊಳಗೆ, ತಿರುವಿನಲ್ಲಿ, ಗಾಡಿಗಳ ಸಂದಣಿಯಲ್ಲಿ, ಮಳೆಯಲ್ಲಿ ಕೂಡದು. ಕಾಲು ಯಾವಾಗಲೂ ಬ್ರೇಕಿನ ಹತ್ತಿರವೇ ಇರಬೇಕು ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ಗಂಡನಿಗೂ ಜೋರಾಗಿ ಓದಿ ಹೇಳಿದ್ದಳು.

ಹೊಸ ಗಾಡಿ ಬಂದಿದೆ, ಒಂದೇ ಒಂದು ಸಲ ಬನ್ನಿ ಎಂದು ಟೀಚರಮ್ಮನನ್ನು ಒಪ್ಪಿಸಿ ಹತ್ತಿಸಿಕೊಂಡಳು. ಮೊದಲ ದಿನ ಎಡವಟ್ಟಾಯಿತು. ಹೆದ್ದಾರಿಯಲ್ಲಿ ಎಂಬತ್ತಕ್ಕೆ ಹಾಕಿ, ಟೋಲಿನಲ್ಲಿ ಬ್ರೇಕ್ ಒತ್ತಿ ನಿಂತು, ಹೊರಟ ಮೇಲೆ ಹಳೆಯ ವೇಗಕ್ಕೆ ಮರಳುವ ಬಟನ್ ಒತ್ತಿದಳು. ಮುಂದೆ ಒಂದು ಟ್ರ್ಯಾಕ್ಟರು ನಿಧಾನಕ್ಕೆ ತೆವಳುತ್ತಿತ್ತು. ವ್ಯಾನೋ, ಹಗ್ಗ ಕಿತ್ತ ಹೋರಿಯ ಹಾಗೆ ಎಂಬತ್ತರತ್ತ ನುಗ್ಗಿತು! ಅವಳು ಬ್ರೇಕ್ ಒತ್ತಿದಳು. ಲಾರಿಯಜ್ಜನ ಟೋಪಿ ಹಾರಿ ಡ್ಯಾಶ್‌ಬೋರ್ಡಿನ ಮೇಲೆ ಕೂತಿತು. "ನಲವತ್ತು ವರ್ಷ ಲಾರಿ ಓಡಿಸಿ ಉಳ್ಕೊಂಡೆ. ಈಗ ಬಟನ್ ಒತ್ತಿ ಸಾಯಿಸ್ತೀಯಾ ತಾಯೀ?" ಎಂದು ಅಜ್ಜ ಕೈಮುಗಿದ. ಆ ಯಂತ್ರಕ್ಕೆ ನೆನಪಿನಲ್ಲಿರುವುದು ವೇಗ ಮಾತ್ರ, ಮುಂದೆ ಟ್ರ್ಯಾಕ್ಟರು ಇದೆಯೋ ಎತ್ತು ಇದೆಯೋ ಅದಕ್ಕೆ ಕಾಣಿಸದು ಎಂದು ಅವಳು ಅವತ್ತು ಕಲಿತಳು. ಆಮೇಲೆ ಆ ಬಟನ್ನಿನ ತಂಟೆಗೆ ಹೋಗದೆ, ಮುಂದಿನ ರಸ್ತೆ ಖಾಲಿ ಇದೆಯೇ ಎಂದು ನೋಡಿಕೊಂಡು, ಕಾಲಿಂದ ವೇಗಕ್ಕೆ ತಂದು, ಆಮೇಲಷ್ಟೇ ಹೊಸದಾಗಿ ಹಾಕುತ್ತಿದ್ದಳು.

ಆದರೆ ಬರುವಾಗ ನೋಡಿ ಏನಾಯಿತು. ಟೋಲು ದಾಟಿದ ಮೇಲೆ ನಲವತ್ತೆಂಟು ಕಿಲೋಮೀಟರ್ ನೇರ ರಸ್ತೆ. ಹಸಿರು ದೀಪ ಹತ್ತಿತು. ವ್ಯಾನು ಒಂದೇ ಸಮನೆ ಹೋಯಿತು, ಮುಗ್ಗರಿಸುವುದಿಲ್ಲ, ಹಿಂಜಗ್ಗುವುದಿಲ್ಲ. ಊರು ಬಂತು. ವಾಂತಿ ಇಲ್ಲ! ಟೀಚರಮ್ಮ ಗೇಟಿನಲ್ಲಿ ಇಳಿದು, ಸೆರಗು ಸರಿಮಾಡಿಕೊಂಡು, "ಏನಮ್ಮಾ ಅದು, ಆ ಹಸಿರು ದೀಪ?" ಎಂದು ಕೇಳಿದರು. ಇವಳು ಹೇಳಿದಳು. "ನಾಳಿದ್ದೂ ಅದನ್ನೇ ಹಾಕು" ಅಂದರು. ಮಗಳು ಗೇಟಿನ ಹಿಂದೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ನಗುತ್ತಿದ್ದಳು. ವ್ಯಾನಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಎರಡು ತಿಂಗಳು ಹೀಗೇ ಹೋಯಿತು. ಟೋಲು ದಾಟುತ್ತಲೇ ಟೀಚರಮ್ಮ ಕತ್ತು ಚಾಚಿ ಮೀಟರಿನತ್ತ ನೋಡುವುದು. ದೀಪ ಹತ್ತಿದ ಮೇಲೆ ಕನ್ನಡಕ ತೆಗೆದು ಕಣ್ಣು ಮುಚ್ಚುವುದು. ಊರ ಹೊರಗಿನ ಪೆಟ್ರೋಲ್ ಬಂಕಿನ ಹತ್ತಿರ ದೀಪ ಆರಿದಾಗ ಏಳುವುದು. ಮುಖಕ್ಕೆ ಸ್ವಲ್ಪ ಬಣ್ಣ ಬಂತು, ಬೈಗುಳಕ್ಕೆ ಮೊನಚು ಬಂತು. ವಾರ್ಡಿನಲ್ಲಿ ಸೂಜಿ ಚುಚ್ಚುವ ಸಿಸ್ಟರಿಗೆ, "ಕೋನ ಸರಿಯಿಲ್ಲ, ಇನ್ನೂ ಓರೆ ಹಿಡಿ" ಎಂದು ಪಾಠ ಹೇಳಲು ಶುರುಮಾಡಿದರು. ಇತ್ತ ವ್ಯಾನಕ್ಕನ ಬಲಗಾಲಿಗೆ ಕೆಲಸ ತಪ್ಪಿತು. ಮೊದಮೊದಲು ಬ್ರೇಕಿನ ಹತ್ತಿರವೇ ಕಾದು ನಿಲ್ಲುತ್ತಿದ್ದ ಕಾಲು, ದಿನ ಕಳೆದಂತೆ ಹಿಂದೆ ಸರಿಯಿತು. ಆಮೇಲೆ ಚಪ್ಪಲಿ ಬಿಟ್ಟು ಸೀಟಿನ ಕೆಳಗೆ ಮಡಚಿಕೊಂಡು ಆರಾಮಾಗಿ ಕೂತಿತು. ಲಾರಿಯಜ್ಜ ಇದನ್ನು ನೋಡಿ ಒಂದೆರಡು ಸಲ ಕೆಮ್ಮಿದ. ಅವಳು ಕೇಳಿಸಿಕೊಳ್ಳಲಿಲ್ಲ.

ಮಳೆಗಾಲ ಶುರುವಾದದ್ದು ಒಂದು ಸೋಮವಾರ. ಅವತ್ತು ಟೀಚರಮ್ಮನಿಗೆ ಮಿಷನ್ನಿನ ಮೇಲೇ ಪ್ರಜ್ಞೆ ತಪ್ಪಿದಂತಾಗಿತ್ತು. "ಇವತ್ತು ತುಂಬ ಸುಸ್ತಾಗಿದ್ದಾರೆ ಅಕ್ಕಾ, ಜೋಪಾನ" ಎಂದು ಸಿಸ್ಟರ್ ಹೇಳಿ ಗಾಲಿಕುರ್ಚಿಯಲ್ಲಿ ತಂದು ಕೂರಿಸಿದಳು. ಟೋಲು ದಾಟುವ ಹೊತ್ತಿಗೆ ಸಣ್ಣಗೆ ಹನಿಯುತ್ತಿದ್ದ ಮಳೆ ಸ್ವಲ್ಪ ಜೋರಾಯಿತು. ವ್ಯಾನಕ್ಕ ಕನ್ನಡಿಯಲ್ಲಿ ಹಿಂದೆ ನೋಡಿದಳು. ಟೀಚರಮ್ಮ ಬಿಳಿಚಿಕೊಂಡ ಮುಖ ಎತ್ತಿ ದೀಪವನ್ನೇ ಕಾಯುತ್ತಿದ್ದರು. ಅವಳು ಬಟನ್ ಒತ್ತಿದಳು. ಟೀಚರಮ್ಮನ ಕಣ್ಣು ಮುಚ್ಚಿಕೊಂಡವು.

"ತೆಗಿ ಅದನ್ನ. ರಸ್ತೆ ಒದ್ದೆ" ಎಂದ ಲಾರಿಯಜ್ಜ, ಮೆಲ್ಲಗೆ.

"ಎಪ್ಪತ್ತಕ್ಕೆ ಇಳಿಸಿದ್ದೀನಲ್ಲ ಅಜ್ಜ."

"ಇಳಿಸಿದ್ರೆ ಏನು ಬಂತು? ರಸ್ತೆ ಜಾರಿದ್ರೆ ನಿನ್ನ ಕಾಲಿಗೆ ಗೊತ್ತಾಗತ್ತೆ, ತಾನಾಗೇ ಸಡಿಲ ಆಗತ್ತೆ. ಅದಕ್ಕೆ ಗೊತ್ತಾಗತ್ತಾ? ಎಪ್ಪತ್ತು ಅಂದ್ರೆ ಎಪ್ಪತ್ತು, ಹಿಡಿದ ಪಟ್ಟು ಬಿಡಲ್ಲ."

"ಈಗಷ್ಟೇ ಕಣ್ಣು ಮುಚ್ಚಿದ್ದಾರೆ ಅಜ್ಜ. ಮಳೆ ಇನ್ನೇನು ನಿಲ್ಲತ್ತೆ."

ಮಳೆ ನಿಲ್ಲಲಿಲ್ಲ. ಮೂವತ್ತು ಕಿಲೋಮೀಟರ್ ಮುಂದೆ, ಸೇತುವೆಯ ಕೆಳಗೆ ರಸ್ತೆ ತುಸು ತಗ್ಗಾಗುವ ಕಡೆ ನೀರು ನಿಂತಿತ್ತು. ಮಳೆಯ ಮಂಕು ಬೆಳಕಿಗೆ ಅದು ಬರೀ ಒದ್ದೆ ಟಾರಿನಂತೆ ಕಂಡಿತು. ಗಾಲಿ ನೀರಿಗೆ ಬಿದ್ದದ್ದೇ ವ್ಯಾನಿನ ಓಟಕ್ಕೆ ತಡೆಯಾಯಿತು. ವೇಗ ಕಡಿಮೆಯಾಯಿತೆಂದು ಯಂತ್ರ ಇನ್ನಷ್ಟು ಎಕ್ಸಲೇಟರ್ ಕೊಟ್ಟಿತು. ಎಂಜಿನ್ ಗೊರ್ರೆಂದು ಕಿರುಚಿತು. ಗಾಲಿಗಳು ನೀರಿನ ಮೇಲೆ ಸುಮ್ಮನೆ ತಿರುಗಿದವು. ಕೈಯಲ್ಲಿ ಸ್ಟೇರಿಂಗ್ ಇತ್ತು, ಆದರೆ ಅದರ ಭಾರವೇ ಹೋಗಿಬಿಟ್ಟಿತ್ತು. ವ್ಯಾನು ಮುಂದಕ್ಕೆ ಹೋಗುವುದು ಬಿಟ್ಟು ಓರೆಯಾಗಿ ಪಕ್ಕಕ್ಕೆ ಜಾರತೊಡಗಿತು.

ಬಲಗಾಲು ಎಲ್ಲಿ? ಸೀಟಿನ ಕೆಳಗೆ ಮಡಚಿಕೊಂಡಿದೆ! ಅದನ್ನು ಅಲ್ಲಿಂದ ಬಿಡಿಸಿ, ಚಪ್ಪಲಿಯನ್ನು ಒದ್ದು ಸರಿಸಿ ಬ್ರೇಕಿಗೆ ತರುವಷ್ಟರಲ್ಲಿ ಒಂದು ಯುಗ ಕಳೆದಂತಾಯಿತು. ತಂದ ಮೇಲೆ ಮಾತ್ರ ಆ ಕಾಲು ಅವಳ ಮರ್ಯಾದೆ ಉಳಿಸಿತು. ತುಳಿಯಲಿಲ್ಲ, ಬರೀ ಸೋಕಿತು. ಹಸಿರು ದೀಪ ಆರಿತು, ಎಂಜಿನ್ ತಣ್ಣಗಾಯಿತು. ಸ್ಟೇರಿಂಗನ್ನು ಅತ್ತಿತ್ತ ಎಳೆಯದೆ ಗಟ್ಟಿಯಾಗಿ ಹಿಡಿದುಕೊಂಡಳು. ಗಾಲಿಗೆ ಮತ್ತೆ ನೆಲದ ಹಿಡಿತ ಸಿಕ್ಕಿತು. ವ್ಯಾನು ರಸ್ತೆಯ ಅಂಚಿನ ಜಲ್ಲಿಯ ಮೇಲೆ ಕರಕರ ಎನ್ನುತ್ತ ಹೋಗಿ, ಸೇತುವೆಯ ಕಾಂಕ್ರೀಟ್ ಕಂಬಕ್ಕೆ ಒಂದು ಮೊಳ ದೂರದಲ್ಲಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ದರ್ಜಿಯಣ್ಣನ ಗೊರಕೆ ಕೂಡ ನಿಂತಿರಲಿಲ್ಲ. ಟೀಚರಮ್ಮ ಕಣ್ಣು ಬಿಟ್ಟು, "ಏನಾಯ್ತಮ್ಮಾ?" ಎಂದರು.

"ಏನಿಲ್ಲ ಟೀಚರಮ್ಮ. ನಾಯಿ ಅಡ್ಡ ಬಂತು."

"ಅಯ್ಯೋ ಪಾಪ. ನಾಯಿಗೆ ಏನೂ ಆಗ್ಲಿಲ್ಲ ತಾನೆ?"

"ಇಲ್ಲ" ಎಂದಳು. ಲಾರಿಯಜ್ಜ ಅವಳ ಮುಖವನ್ನೊಮ್ಮೆ ನೋಡಿ, ಕಿಟಕಿಯ ಕಡೆ ತಿರುಗಿಕೊಂಡ. ಬೈಯುವುದೇ ಕಸುಬಾದ ಮನುಷ್ಯ ಬೈಯಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ. ಇಳಿಯುವಾಗ ಮಾತ್ರ ಅವಳಿಗಷ್ಟೇ ಕೇಳುವಂತೆ, "ನಾನು ಯಾರಿಗೂ ಹೇಳಲ್ಲ ಮಗಳೇ. ಹೇಳೋದಿದ್ರೆ ನೀನೇ ಹೇಳು" ಎಂದು, ಬಾಗಿಲನ್ನು ಮೆತ್ತಗೆ ಹಾಕಿಕೊಂಡು ಹೋದ.

ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ. ತಟ್ಟೆಯ ಮುಂದೆ ಕೂತು ಗಂಡನಿಗೆ ಎಲ್ಲವನ್ನೂ ಹೇಳಿದಳು, ನಾಯಿಯ ಸುಳ್ಳನ್ನೂ ಬಿಡದೆ.

"ನಿಜ ಹೇಳಿಬಿಡು" ಎಂದ ಗಂಡ.

"ಹೇಳೋದೇನು, ಹೇಳಬಹುದು. ಹೇಳಿದ ಮೇಲೆ ಮಳೇಲಿ ಅದನ್ನ ಹಾಕಕ್ಕಾಗಲ್ಲ. ಹಾಕದೇ ಇದ್ರೆ ಅವರಿಗೆ ವಾಂತಿ. ವಾಂತಿ ಆದ್ರೆ ಬರೋದು ನಿಲ್ಲಿಸ್ತಾರೆ. ನಿಲ್ಲಿಸಿದ್ರೆ… ನಿಮಗೆ ಅರ್ಥ ಆಗತ್ತೇನ್ರೀ? ನನ್ನ ಕೈಯಾರೆ ಅವರನ್ನ ಕಳಿಸಿದ ಹಾಗೆ."

"ಹೇಳದೇ ಇದ್ರೆ?"

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಒಂದು ಮೊಳ ದೂರದಲ್ಲಿದ್ದ ಕಂಬವನ್ನು ಅವಳು ಕಣ್ಣಾರೆ ಕಂಡಿದ್ದಳು.

ಬುಧವಾರ ಬೆಳಿಗ್ಗೆಯೂ ಮಳೆ. ಹೋಗುವಾಗ ಟೀಚರಮ್ಮನಿಗೆ ಏನೂ ತೊಂದರೆಯಿರುವುದಿಲ್ಲ, ಕಷ್ಟವೆಲ್ಲ ಬರುವಾಗ. ಆಸ್ಪತ್ರೆ ತಲುಪಿ, ವಾರ್ಡಿನ ಹೊರಗೆ ಬೆಂಚಿನ ಮೇಲೆ ತೂಕ ನೋಡುವ ಸರದಿಗೆ ಅವರು ಕಾದು ಕೂತಿದ್ದಾಗ ವ್ಯಾನಕ್ಕ ಎದುರಿಗೆ ಹೋಗಿ ನಿಂತಳು. ತಪ್ಪು ಮಾಡಿದ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ ಹಾಗೆ ನಿಂತಿದ್ದಳು.

"ಟೀಚರಮ್ಮ, ಸೋಮವಾರ ನಾಯಿ ಬರ್ಲಿಲ್ಲ."

"ಮತ್ತೆ?"

ಹೇಳಿದಳು. ಟೀಚರಮ್ಮ ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಬೋರ್ಡಿನ ಮುಂದೆ ನಿಂತವರಂತೆ ಒಂದೊಂದೇ ಪ್ರಶ್ನೆ ಹಾಕಿದರು.

"ವೇಗ ಎಷ್ಟಿತ್ತು?"

"ಎಪ್ಪತ್ತು."

"ಕಂಬಕ್ಕೆ ಎಷ್ಟು ದೂರ?"

"ಒಂದು ಮೊಳ."

"ಮಳೇಲಿ ಹಾಕಬಾರದು ಅಂತ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು. ಎರಡು ಸಲ ಓದಿದ್ದೆ. ಅಜ್ಜಾನೂ ಹೇಳಿದ್ರು."

"ಆದ್ರೂ ಯಾಕೆ ಹಾಕಿದೆ?"

"ನೀವು ಬರೋದು ಬಿಟ್ಟುಬಿಟ್ರೆ ಅಂತ ಭಯ ಆಯ್ತು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇವತ್ತು ಹಾಕಲ್ಲ ಟೀಚರಮ್ಮ. ಒಣ ರಸ್ತೇಲಿ ಹಾಕ್ತೀನಿ, ಕಾಲು ಬ್ರೇಕಿನ ಹತ್ರಾನೇ ಇಟ್ಕೊಂಡು ಹಾಕ್ತೀನಿ. ಮಳೇಲಿ ಮಾತ್ರ, ನೀವು ಎಷ್ಟೇ ಬೈದ್ರೂ ಹಾಕಲ್ಲ."

"ಮಳೆಗಾಲ ಇನ್ನೂ ನಾಲ್ಕು ತಿಂಗಳಿದೆ" ಎಂದರು ಟೀಚರಮ್ಮ. ಅಷ್ಟರಲ್ಲಿ ಸಿಸ್ಟರ್ ಅವರ ಸರದಿ ಕೂಗಿದಳು. ಅವರು ಎದ್ದು, ಹಿಂದಿರುಗಿ ನೋಡದೆ ಒಳಗೆ ಹೋದರು.

ಆ ನಾಲ್ಕು ಗಂಟೆ ವ್ಯಾನಕ್ಕ ಒಂದು ಕಡೆ ಕೂರಲಿಲ್ಲ. ಟೈರಿನ ಗಾಳಿ ನೋಡಿದಳು, ಸವೆದಿದೆಯೇ ಎಂದು ಬೆರಳು ತೂರಿಸಿ ನೋಡಿದಳು, ವೈಪರಿನ ರಬ್ಬರು ಒರೆಸಿದಳು. ಸಿಸ್ಟರನ್ನು ಕಾರಿಡಾರಿನಲ್ಲಿ ಹಿಡಿದು, "ಹೊಟ್ಟೆ ತೊಳಸೋದಕ್ಕೆ ಏನಾದ್ರೂ ದಾರಿ ಇದೆಯೇನಮ್ಮ?" ಎಂದು ಕೇಳಿದಳು. ಸಿಸ್ಟರ್ ಡಾಕ್ಟರನ್ನು ಕೇಳಿಕೊಂಡು ಬಂದು, ಹೊರಡುವ ಅರ್ಧ ಗಂಟೆ ಮುಂಚೆ ಒಂದು ಮಾತ್ರೆ ಕೊಡುತ್ತೇವೆ, ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ರಸ್ತೆ ನೋಡುತ್ತಿರಲಿ, ಆದರೂ ಪೂರ್ತಿ ನಿಲ್ಲುತ್ತದೆಂದು ಹೇಳಲಾಗದು ಎಂದಳು. ಮುಂದಿನ ಸೀಟು! ಲಾರಿಯಜ್ಜನ ಆಸ್ತಿ. ಕೇಳುವುದು ಹೇಗೆಂದು ಇವಳು ತಡವರಿಸುತ್ತಿದ್ದರೆ, ಮಧ್ಯಾಹ್ನ ಅಜ್ಜ ತಾನೇ ಬಂದು ಹಿಂದಿನ ಬಾಗಿಲು ತೆಗೆದು, ದರ್ಜಿಯಣ್ಣನ ಪಕ್ಕ ತೂರಿಕೊಂಡ. "ನೋಡ್ತಾ ಏನು ನಿಂತಿದ್ದೀಯ? ನನಗೂ ಕಿವಿ ಇದೆ. ಇವನ ಗೊರಕೆ ಒಂದನ್ನ ಸಹಿಸ್ಕೋಬೇಕು, ಅಷ್ಟೇ."

ಹೊರಟರು. ಟೋಲು ದಾಟಿದ ಮೇಲೆ ಟೀಚರಮ್ಮ ಅಭ್ಯಾಸದಂತೆ ಮೀಟರಿನತ್ತ ನೋಡಿದರು. ದೀಪ ಹತ್ತಲಿಲ್ಲ. ಕನ್ನಡಕ ತೆಗೆಯದೆ ಹಾಗೇ ಕೂತರು. ವ್ಯಾನಕ್ಕ ಐವತ್ತರಲ್ಲಿ ಹಿಡಿದಿದ್ದಳು. ಮುಂದಿನ ಗಾಡಿಯಿಂದ ದೂರ ಬಿಟ್ಟು, ನೀರು ನಿಂತಲ್ಲಿ ಮೊದಲೇ ನಿಧಾನಿಸಿ, ಎಷ್ಟು ಬೇಕೋ ಅಷ್ಟೇ ಎಂಬಂತೆ ಪಾದ ಇಡುತ್ತ, ಎತ್ತುತ್ತ ಹೋದಳು. ಹದಿನಾರು ವರ್ಷದಲ್ಲಿ ಅವಳು ಅಷ್ಟು ಚೆನ್ನಾಗಿ ಗಾಡಿ ಓಡಿಸಿರಲಿಲ್ಲ. ಇದನ್ನು ಅವಳು ಹೇಳಿದ್ದಲ್ಲ, ಹಿಂದೆ ಕೂತು ಪ್ರತಿ ತಗ್ಗಿಗೂ "ಹೂಂ" ಎನ್ನುತ್ತಿದ್ದ ಲಾರಿಯಜ್ಜ ಆಮೇಲೆ ಊರೆಲ್ಲ ಹೇಳಿದ್ದು. ಟೀಚರಮ್ಮ ಮಾತ್ರ ರಸ್ತೆ ನೋಡುವುದು ಬಿಟ್ಟು ಆ ಕಾಲನ್ನೇ ನೋಡುತ್ತಿದ್ದರು.

"ಹಿಂಗೆ ಪೂರ್ತಿ ಕಾಲಿಂದಾನೇ ಓಡಿಸೋದು ನೋವಾಗಲ್ವಾ?" ಎಂದು ಕೇಳಿದರು.

"ಆಗತ್ತೆ. ಸಂಜೆ ಬಿಸಿನೀರು ಹಾಕ್ಕೋತೀನಿ."

"ಹ್ಞೂಂ."

ಇಪ್ಪತ್ತು ಕಿಲೋಮೀಟರ್ ಏನೂ ಆಗಲಿಲ್ಲ. ಮೂವತ್ತಾಯಿತು. ವ್ಯಾನಕ್ಕನ ಮನಸ್ಸಿನಲ್ಲಿ ಸಣ್ಣ ಆಸೆ ಹುಟ್ಟಿತು. ಸೇತುವೆಯ ಕೆಳಗಿನ ತಗ್ಗನ್ನು ನಡೆಯುವ ವೇಗದಲ್ಲಿ ದಾಟಿಸಿದಳು. ಆಮೇಲೆ ಎದುರಿಗೆ ಒಂದು ಬಸ್ಸು ಅಡ್ಡಾದಿಡ್ಡಿಯಾಗಿ ನುಗ್ಗಿ ಬಂತು, ಬ್ರೇಕ್ ಒತ್ತಲೇಬೇಕಾಯಿತು. ಟೀಚರಮ್ಮನ ಕೈ ಬಾಯಿಗೆ ಹೋಯಿತು. ಸಿಸ್ಟರ್ ಕೊಟ್ಟಿದ್ದ ಪ್ಲಾಸ್ಟಿಕ್ ಕವರನ್ನು ವ್ಯಾನಕ್ಕ ಬಿಡಿಸಿ ಹಿಡಿಯುವಷ್ಟರಲ್ಲಿ ಅರ್ಧ ಕವರಿಗೆ, ಅರ್ಧ ಸೆರಗಿಗೆ ಆಗಿತ್ತು.

ಗಾಡಿ ಪಕ್ಕಕ್ಕೆ ನಿಲ್ಲಿಸಿದಳು. ನೀರು ಕೊಟ್ಟಳು, ಈ ಕಾಯಿಲೆಯಲ್ಲಿ ಅಳತೆ ಮೀರಿ ಕುಡಿಯುವಂತಿಲ್ಲ, ಬಾಯಿ ಮುಕ್ಕಳಿಸಿದರಷ್ಟೇ. ತನ್ನ ಟವೆಲಿನಿಂದ ಅವರ ಸೆರಗು ಒರೆಸುತ್ತ ಒರೆಸುತ್ತ ಅವಳಿಗೆ ಅಳು ತಡೆಯಲಾಗಲಿಲ್ಲ. "ನನ್ನಿಂದ ಆಗ್ಲಿಲ್ಲ ಟೀಚರಮ್ಮ. ಎಷ್ಟು ಮಾಡಿದ್ರೂ ಆಗ್ಲಿಲ್ಲ" ಅಂದಳು.

"ಅಳಬೇಡ. ಅಳ್ತಾ ಗಾಡಿ ಓಡಿಸಬಾರದು ಅಂತ ನಿನ್ನ ಪುಸ್ತಕದಲ್ಲಿ ಬರೆದಿಲ್ವಾ?" ಎಂದರು ಟೀಚರಮ್ಮ, ಉಸಿರು ಎಳೆದುಕೊಳ್ಳುತ್ತ. ಹಿಂದೆ ಲಾರಿಯಜ್ಜ ಕಿಸಕ್ಕೆಂದು ನಕ್ಕು, ತಕ್ಷಣ ಕೆಮ್ಮಿಗೆ ತಿರುಗಿಸಿಕೊಂಡ.

ಊರು ಮುಟ್ಟುವುದರೊಳಗೆ ಇನ್ನೊಂದು ಸಲ ಆಯಿತು. ಎರಡನೆಯ ಕವರೂ ಮುಗಿಯಿತು. ಒಂದು ಗಂಟೆಯ ದಾರಿಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಟೀಚರಮ್ಮನ ಮನೆಯ ಮುಂದೆ ವ್ಯಾನು ನಿಂತಾಗ ಮಗಳು ಕೊಡೆ ಹಿಡಿದು ಗೇಟಿನ ಹೊರಗೇ ಕಾಯುತ್ತಿದ್ದಳು. ಅಮ್ಮನ ಸೆರಗು ಕಂಡದ್ದೇ ಅವಳ ಮುಖ ಇಳಿದುಹೋಯಿತು. ಅವಳು ವ್ಯಾನಕ್ಕನನ್ನು ನೋಡಿದಳು. ವ್ಯಾನಕ್ಕ ಸ್ಟೇರಿಂಗನ್ನು ನೋಡಿದಳು.

ಟೀಚರಮ್ಮ ಮಗಳ ಕೈ ಹಿಡಿದು ಇಳಿದರು. ಗೇಟಿನವರೆಗೆ ನಡೆದರು. ಅಲ್ಲಿ ನಿಂತರು. ಮಗಳ ಕೈ ಬಿಡಿಸಿಕೊಂಡು, ಕೊಡೆಯನ್ನು ತಾವೇ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ವ್ಯಾನಿನ ಇನ್ನೊಂದು ಬದಿಗೆ, ಡ್ರೈವರಿನ ಕಿಟಕಿಗೆ ಬಂದರು. ವ್ಯಾನಕ್ಕ ಗಾಜು ಇಳಿಸಿದಳು. ಇನ್ನು ಬರುವುದಿಲ್ಲ ಎಂದು ಈಗ ಹೇಳುತ್ತಾರೆ ಅಂದುಕೊಂಡು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಳು.

"ನನಗೆ ಈ ಕಾಯಿಲೆ ಬಂದಾಗಿಂದ ಎಲ್ಲರೂ ಸುಳ್ಳೇ ಹೇಳ್ತಾರೆ ಕಣಮ್ಮ" ಎಂದರು ಟೀಚರಮ್ಮ. "ನೋವಾಗಲ್ಲ ಅಂತಾರೆ, ನೋವಾಗತ್ತೆ. ಎಲ್ಲ ಸರಿಹೋಗತ್ತೆ ಅಂತಾರೆ, ಹೋಗಲ್ಲ. ಇವಳೂ ಅಷ್ಟೇ, ಚೆನ್ನಾಗಿ ಕಾಣ್ತಿದ್ದೀಯ ಅಮ್ಮ ಅಂತಾಳೆ. ನೀನೂ ಒಂದು ನಾಯಿ ತಂದೆ. ಆದ್ರೆ ನೀನೊಬ್ಬಳೇ ವಾಪಸು ಬಂದು ನಿಜ ಹೇಳಿದ್ದು. ವಾಂತಿ ಆಗತ್ತೆ ಅಂತ ಗೊತ್ತಿದ್ದೂ ಹೇಳಿದೆ."

ಮಳೆ ಕೊಡೆಯ ಮೇಲೆ ಬೀಳುತ್ತಿತ್ತು. ಟೀಚರಮ್ಮ ಕನ್ನಡಕದ ಮೇಲಿನ ಹನಿಯನ್ನು ಹೆಬ್ಬೆರಳಿನಿಂದ ಒರೆಸಿಕೊಂಡರು.

"ಶುಕ್ರವಾರಾನೂ ಮಳೆಯಂತೆ" ಎಂದರು. "ಕವರು ನಾಲ್ಕು ತಂದಿಡು. ಎರಡು ಸಾಲಲ್ಲ."